ಒಂದೇ ಅಡ್ಡಹೆಸರಿನ ನೂರು ಮನೆಗಳು: ಪೂರ್ವಿಕರನ್ನು ಹುಡುಕುವ ದಾರಿಗಳ ಹೋಲಿಕೆ

ಇಂಗ್ಲೆಂಡಿನ ಸ್ಮಿತ್‌ನಂಥ ಅಡ್ಡಹೆಸರು ಕಸುಬಿನಿಂದ ಬಂದದ್ದು. ಕಮ್ಮಾರನಿದ್ದ ಊರುಗಳಲ್ಲೆಲ್ಲ ಅದು ಬೇರೆಬೇರೆಯಾಗಿ ಹುಟ್ಟಿಕೊಂಡಿದೆ. ಆದ್ದರಿಂದ ಹೆಸರು ಒಂದೇ ಅಂದಮಾತ್ರಕ್ಕೆ ವಂಶ ಒಂದೇ ಅಲ್ಲ. ಇಂಥ ಹೆಸರಿಟ್ಟುಕೊಂಡು ಹೊರಟಾಗ ಯಾವ ದಾರಿ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದು ಇಲ್ಲಿದೆ.

ಆನ್‌ಲೈನ್ ವಂಶವೃಕ್ಷಗಳು ಎಲ್ಲಕ್ಕಿಂತ ವೇಗ, ಎಲ್ಲಕ್ಕಿಂತ ಅಪಾಯ. ಫ್ಯಾಮಿಲಿಸರ್ಚ್, ವಿಕಿಟ್ರೀ ಎಂಬ ಜಾಲತಾಣಗಳು ಎರಡೂ ಉಚಿತ. ಎರಡರಲ್ಲೂ ಎಲ್ಲರೂ ಸೇರಿ ಒಂದೇ ಮರ ಕಟ್ಟುತ್ತಾರೆ. ಒಂದೇ ಕಾಲದ ಇಬ್ಬರು ಜಾನ್ ಸ್ಮಿತ್‌ರನ್ನು ಯಾರೋ ಒಬ್ಬನೆಂದು ಸೇರಿಸಿಬಿಟ್ಟರೆ ಆ ತಪ್ಪು ಬೇರೆ ಮರಗಳಿಗೂ ನಕಲಾಗುತ್ತಾ ಹೋಗುತ್ತದೆ. ಹತ್ತು ಮರಗಳು ಒಂದೇ ಮಾತು ಹೇಳಿದರೂ ಅದು ಹತ್ತು ಸಾಕ್ಷಿಯಲ್ಲ. ಮೂಲ ದಾಖಲೆ ಲಗತ್ತಿಸಿದ್ದರೆ ಅದನ್ನು ತೆರೆದು ಓದಿ, ಉಳಿದದ್ದನ್ನು ಬಿಡಿ.

ಹೆಸರು ಹಾಕಿ ದಾಖಲೆ ಹುಡುಕುವುದು ಎರಡನೆಯ ದಾರಿ. ಒಂದೇ ಥರ ಕೇಳಿಸುವ ಹೆಸರುಗಳಿಗೆ ಒಂದೇ ಸಂಕೇತ ಕೊಟ್ಟು ಕಾಗುಣಿತದ ವ್ಯತ್ಯಾಸ ಹಿಡಿಯುವ ಸೌಂಡೆಕ್ಸ್ ಪದ್ಧತಿ ಅಪರೂಪದ ಹೆಸರಿಗೆ ವರ. ಸಾಮಾನ್ಯ ಹೆಸರಿಗೆ ಅದರಿಂದ ರಾಶಿ ಇನ್ನೂ ಬೆಳೆಯುತ್ತದೆ: ಸ್ಮಿತ್, ಸ್ಮೈತ್, ಷ್ಮಿಟ್ ಮೂರಕ್ಕೂ ಸಂಕೇತ ಎಸ್530. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ತಂದೆತಾಯಿಯ ಮೊದಲ ಹೆಸರು, ಊರು, ಎರಡು ವರ್ಷ ಹಿಂದುಮುಂದಿನ ಅವಧಿ ಕೊಡಿ. ಮನೆಯಲ್ಲಿ ಅಪರೂಪದ ಹೆಸರಿನ ಒಂದು ಮಗುವಿದ್ದರೆ ಅದರ ಬೆನ್ನು ಹತ್ತಿ.

ಮೂರನೆಯದು ನಿಧಾನ, ಆದರೆ ನಾವು ನೆಚ್ಚುವುದು ಇದನ್ನೇ: ಊರಿನಲ್ಲಿ ಆ ಹೆಸರಿನ ಎಲ್ಲ ಮನೆಗಳ ವಂಶಾವಳಿಯನ್ನೂ ದಾಖಲೆಗಳಿಂದ ಕಟ್ಟಿ, ಬೇರೆಯವರನ್ನು ಒಬ್ಬೊಬ್ಬರಾಗಿ ಹೊರಹಾಕುವುದು. ಒಂದೇ ಚರ್ಚಿನಲ್ಲಿ ಇಬ್ಬರು ಜಾನ್‌ರ ದೀಕ್ಷಾಸ್ನಾನ ಸಿಕ್ಕಿತೆನ್ನಿ. ಮೊದಲು ಸಮಾಧಿ ಪುಸ್ತಕ ನೋಡಿ. ಒಬ್ಬ ಎರಡನೇ ವಯಸ್ಸಿಗೇ ತೀರಿಕೊಂಡಿದ್ದರೆ ಅವನು ಯಾರ ಅಜ್ಜನೂ ಆಗಲಾರ. ಬಹುಪಾಲು ಜನ ಬಿಡುವ ಹೆಜ್ಜೆ ಇದೇ. ಇಬ್ಬರೂ ಬದುಕಿದ್ದರೆ ಕಸುಬು, ಹೆಂಡತಿ, ಮದುವೆಗೆ ಸಾಕ್ಷಿ ಹಾಕಿದವರು, ಪಕ್ಕದ ಮನೆಯವರು ಇವನ್ನೆಲ್ಲ ಒಂದು ಕೋಷ್ಟಕಕ್ಕೆ ಇಳಿಸಿ. ಸಾಕ್ಷಿಗಳು ಸಾಮಾನ್ಯವಾಗಿ ಬಂಧುಗಳೋ ಆಪ್ತರೋ ಆಗಿರುತ್ತಾರೆ. ಇಂಗ್ಲೆಂಡಿನ 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು. 34 ಅಲ್ಲಿ 30 ಆಗಿರಬಹುದು. ಸಂಬಂಧವೂ ಹುಟ್ಟೂರೂ ಸ್ಪಷ್ಟವಾಗಿ ಸಿಗುವುದು 1851ರಿಂದ. ಜನನ ನೋಂದಣಿಯ ಈಗಿನ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರಿನ ಹೆಸರಿದೆ. ಮಕ್ಕಳನ್ನು ಮನೆವಾರು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಡಿಎನ್ಎ ಕೊನೆಗಿರಲಿ. ವೈ-ಡಿಎನ್ಎ ತಂದೆಯಿಂದ ಮಗನಿಗೆ ಮಾತ್ರ ಸಾಗುತ್ತದೆ. ಹೆಣ್ಣುಮಕ್ಕಳು ತಂದೆಯನ್ನೋ ಅಣ್ಣತಮ್ಮಂದಿರನ್ನೋ ಪರೀಕ್ಷೆಗೆ ಒಪ್ಪಿಸಬೇಕು. 12 ಮಾರ್ಕರ್‌ಗಳ (ಪರೀಕ್ಷೆಯಲ್ಲಿ ಹೋಲಿಸಿ ನೋಡುವ ಡಿಎನ್ಎ ಗುರುತುಗಳ) ಹೊಂದಿಕೆಗೆ ಬೆಲೆಯಿಲ್ಲ, ಸಂಬಂಧವೇ ಇಲ್ಲದವರೂ ಹೊಂದುತ್ತಾರೆ. 37ರಿಂದ ಶುರುಮಾಡಿ, ಅನುಮಾನ ಉಳಿದರೆ 111ಕ್ಕೆ ಹೋಗಿ. ಇದರ ನಿಜವಾದ ಬಲ ಅಲ್ಲಗಳೆಯುವುದರಲ್ಲಿದೆ: ಅನುಮಾನವಿರುವ ಮನೆಯ ಗಂಡುಸಾಲಿನ ವಂಶಜನ ಫಲಿತಾಂಶ ತೀರಾ ಬೇರೆಯಿದ್ದರೆ ಆ ಮನೆಯನ್ನು ಸಾಮಾನ್ಯವಾಗಿ ಕೈಬಿಡಬಹುದು. ದತ್ತು ಅಥವಾ ವಿವಾಹಬಾಹಿರ ಜನನ ನಡುವೆ ಬಂದಿದ್ದರೂ ಫಲಿತಾಂಶ ಹೀಗೇ ಬರುತ್ತದೆ, ಅದಕ್ಕೆ ಅದೇ ಮನೆಯ ಇನ್ನೊಂದು ಕವಲಿನವರನ್ನೂ ಪರೀಕ್ಷಿಸಬೇಕು. ತಂದೆತಾಯಿ ಇಬ್ಬರಿಂದಲೂ ಬಂದ ಡಿಎನ್ಎ ನೋಡುವ, ಗಂಡು ಹೆಣ್ಣು ಇಬ್ಬರೂ ಮಾಡಿಸಬಹುದಾದ ಆಟೋಸೋಮಲ್ ಪರೀಕ್ಷೆ ಹತ್ತಿರದ ನಂಟಿಗೆ ಚೆನ್ನ. ಐದು ತಲೆಮಾರು ಹಿಂದಿನ ಅಜ್ಜ-ಅಜ್ಜಿ ಒಂದೇ ಆಗಿರುವ ನಾಲ್ಕನೇ ಕಸಿನ್‌ಗಳಲ್ಲಿ ಸುಮಾರು ಅರ್ಧದಷ್ಟು ಜೋಡಿಗಳಿಗೆ ಇಬ್ಬರಲ್ಲೂ ಸಮಾನವೆಂದು ಗುರುತಿಸಬಲ್ಲ ಡಿಎನ್ಎಯೇ ಇರುವುದಿಲ್ಲ. 7 ಸೆಂಟಿಮಾರ್ಗನ್‌ಗಿಂತ (ಡಿಎನ್ಎ ತುಣುಕಿನ ಉದ್ದದ ಅಳತೆ) ಚಿಕ್ಕ ತುಣುಕುಗಳಲ್ಲಿ ಹುಸಿ ಹೊಂದಿಕೆಗಳು ಹೆಚ್ಚು. ಅಡ್ಡಹೆಸರು ಒಂದೇ ಇದೆ ಎಂದು ಅವನ್ನು ನಂಬಬೇಡಿ.