ಬೈಕ್ ಎಂಜಿನ್ ಕಿಟ್ ಕಾರು: ನ್ಯೂಟ್ರಲ್‌ನಲ್ಲಿ ಓಡಿ ಗೇರ್‌ನಲ್ಲಿ ನಿಂತರೆ ಇಸಿಯು ಬದಲಿಸಬೇಡಿ

ಇಂಗ್ಲೆಂಡ್‌ನಲ್ಲಿದ್ದು ಕಾರಿನ ಹುಚ್ಚು ಹತ್ತಿಸಿಕೊಂಡ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇರೆಯವರು ಕಟ್ಟಿದ ಬೈಕ್ ಎಂಜಿನ್ ಕಿಟ್ ಕಾರನ್ನು (ಬಿಡಿಭಾಗ ತಂದು ಕೈಯಾರೆ ಜೋಡಿಸಿ, ಬೈಕಿನ ಎಂಜಿನ್ ಕೂರಿಸಿದ ಕಾರು) ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಪೂರ್ತಿ ಓದಿ. ನನಗೆ ನೂರಾರು ಪೌಂಡ್ ದಂಡವಾಯಿತು. ಹಣ ಹೋಗಲಿ, ಜೀವಕ್ಕೇ ಕುತ್ತು ಬಂದಿತ್ತು.

ನನ್ನದು ಲೋಟಸ್ ಸೆವೆನ್ ಮಾದರಿಯ ಪುಟ್ಟ ಕಾರು. 1957ರಲ್ಲಿ ಬಂದ ಆ ಕಾರಿನ ಆಕಾರವನ್ನೇ ಹಿಡಿದು ಇಲ್ಲಿ ಎಷ್ಟೋ ಜನ ಮನೆಯ ಗ್ಯಾರೇಜ್‌ನಲ್ಲೇ ಕಾರು ಕಟ್ಟುತ್ತಾರೆ. ಇದಕ್ಕೆ ಕೂರಿಸಿದ್ದು ಯಮಹಾ ಆರ್1 ಬೈಕಿನ 998 ಸಿಸಿ ಎಂಜಿನ್. ಫ್ಯೂಯೆಲ್ ಇಂಜೆಕ್ಷನ್ ಶುರುವಾದ 2002ರ ಮಾದರಿಯದು. ಗೇರ್‌ಬಾಕ್ಸ್ ಕೂಡ ಬೈಕಿನದೇ.

ತೊಂದರೆ ಹೀಗಿತ್ತು. ರಸ್ತೆ ಚೆನ್ನಾಗಿದ್ದರೆ ಕಾರೂ ಚೆನ್ನಾಗಿ ಓಡುತ್ತಿತ್ತು. ಗುಂಡಿಯ ಮೇಲೆ ಹತ್ತಿಳಿದಾಗ ಒಂದು ಜಗ್ಗು. ಒಂದು ಸಂಜೆ ರೌಂಡ್‌ಅಬೌಟ್ ಒಳಗೆ ಹೋಗುವಾಗ ಜಗ್ಗಿದ್ದಷ್ಟೇ ಅಲ್ಲ, ಕ್ಲಚ್ ಒತ್ತಿದ ತಕ್ಷಣ ಎಂಜಿನ್ ಪೂರ್ತಿ ನಿಂತಿತು. ಹಿಂದೆ ಲಾರಿ. ಈ ಕಾರು ಎಷ್ಟು ತಗ್ಗು ಎಂದರೆ, ಲಾರಿ ತೀರಾ ಹತ್ತಿರ ಬಂದರೆ ಚಾಲಕನಿಗೆ ನಾವು ಕಾಣುವುದೇ ಇಲ್ಲ. ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಬಟನ್ ಒತ್ತಿದೆ. ಸ್ಟಾರ್ಟರ್ ಸದ್ದೇ ಮಾಡಲಿಲ್ಲ. ನ್ಯೂಟ್ರಲ್‌ಗೆ ತಂದೆ. ಒಂದೇ ಒತ್ತಿಗೆ ಎಂಜಿನ್ ಎದ್ದಿತು!

ಕಾರನ್ನು ವರ್ಕ್‌ಶಾಪ್‌ಗೆ ಕೊಟ್ಟಾಗ ಇದನ್ನೆಲ್ಲ ಬಿಡಿಸಿ ಹೇಳಿದ್ದೆ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗುತ್ತದೆ, ಗೇರ್‌ನಲ್ಲಿ ಆಗುವುದಿಲ್ಲ ಎಂದು ಒತ್ತಿ ಹೇಳಿದ್ದೆ. ಅವರು ಅದನ್ನು ಬರೆದುಕೊಳ್ಳಲೂ ಇಲ್ಲ. ಮೊದಲು ಇಗ್ನಿಷನ್ ಕಾಯಿಲ್ ಬದಲಿಸಿದರು. ಆಮೇಲೆ ಕ್ರ್ಯಾಂಕ್ ಸೆನ್ಸರ್. ಕೊನೆಗೆ ಹಳೆಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಂದನ್ನು ತಂದು ಹಾಕಿದರು. ಪ್ರತಿ ಸಲವೂ ಕಾರನ್ನು ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ‘ಸರಿಯಾಗಿದೆ’ ಎಂದರು. ನ್ಯೂಟ್ರಲ್‌ನಲ್ಲಿ ಅದು ಯಾವತ್ತೂ ಕೆಟ್ಟಿರಲೇ ಇಲ್ಲ, ಅಲ್ವಾ? ಹಾಕಿದ ಎಲೆಕ್ಟ್ರಿಕ್ ಭಾಗಗಳನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಬಿಲ್ ಕೊಟ್ಟರು. ಅದೇ ವಾರ ಮತ್ತೆ ಕಾರು ನಿಂತಿತು.

ನಿಜವಾದ ಕಾರಣ ಸೈಡ್ ಸ್ಟ್ಯಾಂಡ್. ಕಾರಿಗೆಲ್ಲಿಯ ಸೈಡ್ ಸ್ಟ್ಯಾಂಡ್ ಎನ್ನಬೇಡಿ. ಕಾರಿಗೆ ಇಲ್ಲ, ಆದರೆ ಬೈಕಿನಿಂದ ಬಿಚ್ಚಿ ತಂದ ವೈರಿಂಗ್‌ಗೆ ಅದು ಗೊತ್ತಿಲ್ಲ. ಬೈಕಿನಲ್ಲಿ ಸ್ಟ್ಯಾಂಡ್ ಕೆಳಗಿರುವಾಗ ಗೇರ್ ಹಾಕಿದರೆ ಎಂಜಿನ್ ನಿಲ್ಲುವಂತೆ ಒಂದು ಸ್ವಿಚ್ ಇರುತ್ತದೆ. ಸ್ಟ್ಯಾಂಡ್ ಮೇಲಿದ್ದರೆ ಸರ್ಕ್ಯೂಟ್ ಕೂಡಿರುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಸ್ಟ್ಯಾಂಡ್ ಹೇಗಿದ್ದರೂ ನಡೆಯುತ್ತದೆ, ಏಕೆಂದರೆ ನ್ಯೂಟ್ರಲ್ ಸ್ವಿಚ್ ಆ ಕೆಲಸ ಮಾಡುತ್ತದೆ. ಗೇರ್‌ನಲ್ಲಿ ಸ್ಟಾರ್ಟ್ ಮಾಡಲು ಕ್ಲಚ್ ಒತ್ತಿದರಷ್ಟೇ ಸಾಲದು, ಸ್ಟ್ಯಾಂಡ್ ಕೂಡ ಮೇಲಿರಬೇಕು. ಕಾರಿಗೆ ಕೂರಿಸುವಾಗ ಆ ಸ್ವಿಚ್ ತೆಗೆದು ಎರಡು ವೈರ್‌ಗಳನ್ನು ಗಟ್ಟಿಯಾಗಿ ಸೇರಿಸಬೇಕು. ನನ್ನ ಕಾರು ಕಟ್ಟಿದವರು ಅವನ್ನು ಸುಮ್ನೆ ಕೈಯಲ್ಲಿ ಹೊಸೆದು, ಟೇಪ್ ಸುತ್ತಿ, ಬೇರೆ ವೈರ್‌ಗಳ ಕಟ್ಟಿನೊಳಗೆ ಹುದುಗಿಸಿದ್ದರು. ಗುಂಡಿ ಸಿಕ್ಕಾಗ ಜೋಡಣೆ ಬಿಡುತ್ತಿತ್ತು. ಆಗ ಇಸಿಯು ಸ್ಟ್ಯಾಂಡ್ ಇಳಿದಿದೆ ಎಂದು ತಿಳಿದು ಎಂಜಿನ್ ನಿಲ್ಲಿಸುತ್ತಿತ್ತು. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಆ ವರ್ಷದ ಮಾದರಿಯ ವೈರಿಂಗ್ ನಕ್ಷೆ ತರಿಸಿಕೊಂಡು ಕೂತ ಮೇಲೆ ಇದು ಸಿಕ್ಕಿತು. ಪರೀಕ್ಷೆ ತೀರಾ ಸುಲಭ. ಇಸಿಯು ಹತ್ತಿರವೇ ಸ್ಟ್ಯಾಂಡ್ ಸ್ವಿಚ್‌ನ ವೈರ್ ಹುಡುಕಿ, ಅಲ್ಲಿಂದ ನೇರ ಅರ್ತ್‌ಗೆ (ಅಂದರೆ ಬ್ಯಾಟರಿ ನೆಗೆಟಿವ್ ಕಡೆಗೆ) ಇನ್ನೊಂದು ವೈರ್ ಕೊಟ್ಟೆ. ಅದೇ ಗುಂಡಿಗಳ ರಸ್ತೆಯಲ್ಲಿ ಓಡಿಸಿದೆ, ಒಂದು ಜಗ್ಗೂ ಇಲ್ಲ. ನಿಮ್ಮ ಮಾದರಿಯ ನಕ್ಷೆ ನೋಡದೆ ಮಾತ್ರ ಯಾವ ವೈರನ್ನೂ ಹೀಗೆ ಅರ್ತ್‌ಗೆ ಕೊಡಬೇಡಿ. ಕರೆಂಟ್ ಬರುವ ವೈರ್ ಆಗಿದ್ದರೆ ಸುಟ್ಟುಹೋಗುತ್ತದೆ.

ಮಲ್ಟಿಮೀಟರ್‌ನ ಬೀಪ್ ಸದ್ದನ್ನು ನಂಬಿ ಕೂರಬೇಡಿ. ವೈರ್‌ನ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ಹೆಚ್ಚು ಕರೆಂಟ್ ಹರಿಯುವ ವೈರ್ ಆದರೆ ಎರಡೂ ತುದಿ ಬಿಚ್ಚಿ, ಬ್ಯಾಟರಿಯಿಂದ ಅದರ ಮೂಲಕ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಉರಿಸಿ ನೋಡಿ. ಬಲ್ಬ್ ಮಂಕಾದರೆ ವೈರ್ ಒಳಗೆ ಹಾಳಾಗಿದೆ.

ಅರ್ತ್ ವಿಷಯವೂ ಇಂಥದ್ದೇ, ಇದರಲ್ಲೂ ಜಾಸ್ತಿ ಜನ ಒದ್ದಾಡುತ್ತಾರೆ. ಆರ್1ನಲ್ಲಿ ಎಂಜಿನ್ ನೇರವಾಗಿ ಅಲ್ಯೂಮಿನಿಯಂ ಫ್ರೇಮ್‌ಗೆ ಬೋಲ್ಟ್ ಆಗಿರುತ್ತದೆ. ಕಿಟ್ ಕಾರಿನಲ್ಲಿ ಎಷ್ಟೋ ಸಲ ಅದು ರಬ್ಬರ್ ಬುಷ್ ಮೇಲೆ ಕೂತಿರುತ್ತದೆ, ಚಾಸಿಗೆ ಪೌಡರ್ ಕೋಟಿಂಗ್ ಬೇರೆ. ಎರಡೂ ಕರೆಂಟ್ ಬಿಡುವುದಿಲ್ಲ. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್‌ಗೇ ಒಂದು ದಪ್ಪ ಕೇಬಲ್ ಇರಲೇಬೇಕು.

ಬೈಕ್ ಬಿದ್ದರೆ ಎಂಜಿನ್ ನಿಲ್ಲಿಸುವ ಲೀನ್ ಆಂಗಲ್ ಸೆನ್ಸರ್ ಇನ್ನೊಂದು. ಆರ್1ನಲ್ಲಿ ಅದು ಸುಮಾರು 65 ಡಿಗ್ರಿ ವಾಲಿದಾಗ ಕೆಲಸ ಮಾಡುತ್ತದೆ. ಬೈಕ್ ತಿರುವಿನಲ್ಲಿ ತಾನೇ ವಾಲುವುದರಿಂದ ಸೆನ್ಸರ್‌ಗೆ ನೇರ ನಿಂತ ಹಾಗೆಯೇ ಅನಿಸುತ್ತದೆ. ಕಾರು ವಾಲುವುದಿಲ್ಲ. 1 ಜಿ ಬಲದಲ್ಲಿ, ಅಂದರೆ ಗುರುತ್ವದಷ್ಟೇ ಬಲ ಪಕ್ಕಕ್ಕೆ ಎಳೆಯುವಷ್ಟು ಜೋರಾಗಿ, ತಿರುಗಿದರೆ ಅದಕ್ಕೆ 45 ಡಿಗ್ರಿ ವಾಲಿದಷ್ಟು ಅನಿಸುತ್ತದೆ. ಯಾರಾದರೂ ಅದನ್ನು ಮೊದಲೇ ಓರೆಯಾಗಿ ಕೂರಿಸಿದ್ದರೆ, ವೇಗದ ತಿರುವಿನ ನಡುವೆಯೇ ಎಂಜಿನ್ ಕೈಕೊಡಬಹುದು.

ಕೊಯಮತ್ತೂರಿನ ಫಾರ್ಮುಲಾ ಭಾರತ್ ಎಂಬ ವಿದ್ಯಾರ್ಥಿಗಳ ಸ್ಪರ್ಧೆಗೆ ಕಾರು ಕಟ್ಟುವ ನಮ್ಮ ಎಂಜಿನಿಯರಿಂಗ್ ಹುಡುಗ ಹುಡುಗಿಯರೂ ಇದನ್ನು ಗಮನಿಸಿ. ಕೆಟಿಎಂ 390 ಬೈಕಿನ ವೈರಿಂಗ್ ಬಳಸಿದರೆ ಅದರಲ್ಲೂ ಸೈಡ್ ಸ್ಟ್ಯಾಂಡ್ ಸ್ವಿಚ್ ಇದೆ.

ಐವಿಎ (ಇಂಥ ಕಾರು ರಸ್ತೆಗಿಳಿಯುವ ಮೊದಲು ಇಲ್ಲಿ ಮಾಡುವ ಸರ್ಕಾರಿ ತಪಾಸಣೆ) ಪಾಸಾಗಿದೆ ಎಂದು ಮಾರುವವರು ಹೇಳುತ್ತಾರೆ. ಆ ಪರೀಕ್ಷೆಯಲ್ಲಿ ವೈರ್‌ಗಳನ್ನು ಬಿಗಿಯಾಗಿ ಕ್ಲಿಪ್ ಮಾಡಿದ್ದಾರಾ ಎಂದು ನೋಡುತ್ತಾರೆ, ಟೇಪ್ ಬಿಚ್ಚಿ ಜೋಡಣೆ ನೋಡುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಸ್ಟ್ಯಾಂಡ್, ಕ್ಲಚ್, ನ್ಯೂಟ್ರಲ್ ಸ್ವಿಚ್‌ಗಳ ವೈರ್ ಎಲ್ಲಿವೆ ಎಂದು ಕೇಳಿ, ಕಣ್ಣಾರೆ ನೋಡಿ. ತೋರಿಸಲು ಆಗದಿದ್ದರೆ, ಹೊಸದಾಗಿ ವೈರಿಂಗ್ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ. ವರ್ಕ್‌ಶಾಪ್‌ಗೆ ಕೊಟ್ಟರೆ ಯಾವ ಭಾಗವನ್ನು ಏನು ಅಳೆದು ಕೆಟ್ಟಿದೆ ಎಂದು ತೀರ್ಮಾನಿಸಿದರು ಅನ್ನುವುದನ್ನು ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಕಾರನ್ನು ಅಲ್ಲಿ ಬಿಡಬೇಡಿ.