ಆರು ವರ್ಷ ಇಜಿಎಫ್‌ಪಿ ಬಳಸಿದ ಮೇಲೆ: ಜಾಗ ಸರಿ ಹೇಳುತ್ತೆ, ಹೊತ್ತು ಹೇಳಲ್ಲ

ರೇಟಿಂಗ್: 5ಕ್ಕೆ 4

ಜೀಬ್ರಾಮೀನಿನ ಮರಿಗಳಲ್ಲಿ ಒಂದು ಜೀನ್ ಎಲ್ಲಿ ಆನ್ ಆಗುತ್ತದೆ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಆರು ವರ್ಷದಿಂದ ಬಳಸುತ್ತಿರುವುದು ಇಜಿಎಫ್‌ಪಿ, ಅಂದರೆ ಜೀನ್ ಆನ್ ಆದ ಕಡೆ ತಯಾರಾಗಿ ಹಸಿರಾಗಿ ಹೊಳೆಯುವ ಪ್ರೋಟೀನ್. 1962ರಲ್ಲಿ ವಿಜ್ಞಾನಿ ಶಿಮೊಮುರಾ ಜೆಲ್ಲಿಮೀನಿನಿಂದ ಬೇರ್ಪಡಿಸಿದ ಹಸಿರು ಪ್ರೋಟೀನನ್ನೇ ತಿದ್ದಿ ಜಾಸ್ತಿ ಹೊಳೆಯುವಂತೆ ಮಾಡಿದ್ದು ಇದು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಹೊರಗಿನಿಂದ ಏನೂ ಹಾಕಬೇಕಿಲ್ಲ, ಆಮ್ಲಜನಕ ಇದ್ದರೆ ಸಾಕು. ಇಲಿಗಳಲ್ಲಿ ಇದೇ ಕೆಲಸಕ್ಕೆ ಲೂಸಿಫರೇಸ್ ಎಂಬ ಕಿಣ್ವ ಬಳಸುವ ಗೆಳೆಯ, ಅದು ಬೆಳಕು ಕೊಡಲು ಬೇಕಾದ ಲೂಸಿಫೆರಿನ್ ಅನ್ನು ಪ್ರತಿ ಸಲ ಚುಚ್ಚಬೇಕು. ನಾನು ಮರಿಗೆ ಮತ್ತು ಬರಿಸಿ, ರೂಮಿನ ದೀಪ ಆರಿಸಿ, ನೀಲಿ ಬೆಳಕು ಬಿಟ್ಟರೆ ಆಯಿತು. ಒಂದೊಂದು ಕೋಶವೂ ಬೇರೆಬೇರೆಯಾಗಿ ಕಾಣುತ್ತದೆ. ನೋಡಿದ ಮೇಲೆ ಮರಿ ಎದ್ದು ಈಜಿಕೊಂಡು ಹೋಗುತ್ತದೆ. ನಾಳೆ ಅದೇ ಮರಿಯನ್ನು ಮತ್ತೆ ನೋಡಬಹುದು.

ನಾನು ಪೆಟ್ಟು ತಿಂದಿದ್ದು ಎರಡನೇ ವರ್ಷ. ನಮ್ಮ ಮೀನಿನಲ್ಲಿ ಇಜಿಎಫ್‌ಪಿಯ ಸ್ವಿಚ್ಚು ಹೀಟ್‌ಶಾಕ್ ಪ್ರೊಮೋಟರ್, ಅಂದರೆ ಕಾವು ತಗುಲಿದರೆ ಜೀನನ್ನು ಆನ್ ಮಾಡುವ ಡಿಎನ್‌ಎ ತುಂಡು. 28.5 ಡಿಗ್ರಿಯಲ್ಲಿ ಬೆಳೆದ ಮರಿಗಳಿಗೆ ಒಂದು ಗಂಟೆ 37 ಡಿಗ್ರಿ ಕಾವು ಕೊಟ್ಟೆ. ಮರುದಿನ ಬೆಳಗ್ಗೆ ನೋಡಿದರೆ ಇನ್ನೂ ಹಚ್ಚ ಹಸಿರು! ಜೀನ್ ಇಡೀ ರಾತ್ರಿ ಆನ್ ಇತ್ತು ಎಂದು ಸ್ಲೈಡ್ ಮಾಡಿಯೇಬಿಟ್ಟೆ. ಸೀನಿಯರ್ ಒಬ್ಬರು ಕೇಳಿದ್ದು ಒಂದೇ ಮಾತು: "ಆರ್‌ಎನ್‌ಎ ನೋಡಿದ್ಯಾ?" ನೋಡಿದೆ. ಜೀನ್ ಆನ್ ಇದ್ದಾಗ ಮೊದಲು ತಯಾರಾಗುವುದು ಆರ್‌ಎನ್‌ಎ, ಅದೇ ಚೂರೂ ಇರಲಿಲ್ಲ. ಒಲೆ ಆರಿಸಿದ ಮೇಲೂ ಕಲ್ಲಿನ ಪಾತ್ರೆಯಲ್ಲಿ ಸಾರು ಕುದಿಯುತ್ತಲೇ ಇರುತ್ತದಲ್ಲ, ಹಾಗೆ. ಜೀನ್ ಆಫ್ ಆದರೂ ಈ ಪ್ರೋಟೀನ್ ಒಂದು ದಿನಕ್ಕಿಂತ ಹೆಚ್ಚು ಉಳಿಯುತ್ತದೆ. ಶುರುವಿನಲ್ಲೂ ಅಷ್ಟೇ, ತಯಾರಾದ ತಕ್ಷಣ ಹೊಳೆಯುವುದಿಲ್ಲ, ಹದಕ್ಕೆ ಬರಲು ಹೊತ್ತು ಬೇಕು.

ಹೊತ್ತು ಮುಖ್ಯ ಅನ್ನುವವರು ಬೇಗ ಕರಗುವ ಡಿ2 ಇಜಿಎಫ್‌ಪಿ ತಗೊಳ್ಳಿ. ಅದರ ಅರ್ಧಾಯುಷ್ಯ ಸುಮಾರು 2 ಗಂಟೆ. ಆದರೆ ಕೋಶದಲ್ಲಿ ಜಾಸ್ತಿ ಶೇಖರ ಆಗುವುದಿಲ್ಲ, ಹಾಗಾಗಿ ಬೆಳಕೂ ಮಂದ. ಸಣ್ಣಗೆ ಆನ್ ಆಗುವ ಜೀನ್‌ಗಳಿಗೆ ನನಗಂತೂ ಉಪಯೋಗಕ್ಕೆ ಬರಲಿಲ್ಲ.

ಇನ್ನೊಂದು ಕಿರಿಕಿರಿ, ಮರಿಯ ಹೊಟ್ಟೆಯ ಹಳದಿ ಚೀಲ. ಅದು ತಾನಾಗೇ ಹೊಳೆಯುತ್ತದೆ. ಪಕ್ಕದಲ್ಲಿ ಜೀನ್ ಸೇರಿಸದ ಮರಿಯನ್ನೂ ಇಟ್ಟು, ಅದೇ ಎಕ್ಸ್‌ಪೋಷರ್‌ನಲ್ಲಿ ಫೋಟೋ ತೆಗೆಯದೆ ಯಾವ ಹಸಿರನ್ನೂ ನಂಬಬೇಡಿ. ಹಸಿರನ್ನು ಮರೆಮಾಡುವ ಕಪ್ಪು ಬಣ್ಣ ಮೈಮೇಲೆ ಬಾರದಂತೆ ನೀರಿಗೆ 0.003% ಪಿಟಿಯು ಎಂಬ ರಾಸಾಯನಿಕ ಹಾಕುವುದನ್ನೂ ಮರೆಯಬೇಡಿ. ಮರೆತರೆ ಎರಡನೇ ದಿನಕ್ಕೆ ಕಣ್ಣು, ಬೆನ್ನು ಎಲ್ಲ ಕಪ್ಪು.

ಹಾಂ, ಹೀಟ್‌ಶಾಕ್ ಮೀನು ಬಳಸುವವರಿಗೆ ಒಂದು ವಿಷಯ. ಕಾವು ಕೊಡದಿದ್ದರೂ ಎರಡನೇ ದಿನ ಕಣ್ಣಿನ ಮಸೂರ ಸಣ್ಣ ಹಸಿರು ಚುಕ್ಕಿಯಂತೆ ಹೊಳೆಯುತ್ತದೆ. ಮೊದಲ ಸಲ ಇನ್‌ಕ್ಯುಬೇಟರ್ ಕೆಟ್ಟಿದೆ ಎಂದುಕೊಂಡು ರಾತ್ರಿ ಹನ್ನೊಂದಕ್ಕೆ ಥರ್ಮಾಮೀಟರ್ ಹಿಡಿದು ನಿಂತಿದ್ದೆ. ಆ ಪ್ರೊಮೋಟರ್ ಮಸೂರದಲ್ಲಿ ಸುಮ್ನೆ ಆನ್ ಆಗುತ್ತೆ, ಅಷ್ಟೇ. ಈಗ ಜೀನ್ ಇರುವ ಮರಿ ಯಾವುದು, ಇಲ್ಲದ್ದು ಯಾವುದು ಎಂದು ಆರಿಸುವುದು ಆ ಚುಕ್ಕಿ ನೋಡಿಯೇ.