ಟೈಲ್ಸ್‌ನ ಅಡಿಯಲ್ಲಿ ಏನಿದೆಯೆಂದು ನೋಡದೆ ಹಣ ಕೊಟ್ಟೆ

ಮನೆಯ ಮೇಲಂತಸ್ತಿನ ಸ್ನಾನಗೃಹವನ್ನು ಹೊಸದಾಗಿ ಮಾಡಿಸಿ 14 ತಿಂಗಳು ಕಳೆಯುವಷ್ಟರಲ್ಲಿ ಅದರ ಕೆಳಗಿನ ಕೋಣೆಯ ಚಾವಣಿಯಲ್ಲಿ ಅಂಗೈಯಗಲದ ಹಳದಿ ಕಲೆಯೊಂದು ಕಾಣಿಸಿಕೊಂಡಿತು. ಆ ಕಲೆಯಿಂದಾಗಿ ಕುದುರಿದ್ದ ಮನೆ ಮಾರಾಟ ಮುರಿದುಬಿತ್ತು, ಹೊಸ ನೆಲವನ್ನೆಲ್ಲ ಒಡೆಸಬೇಕಾಯಿತು, ಎರಡನೆಯ ಸಲದ ಕೆಲಸಕ್ಕೆ ಸಾಲವನ್ನೂ ಮಾಡಬೇಕಾಯಿತು. ಗುತ್ತಿಗೆದಾರರ ಕೆಲಸ ಕೆಟ್ಟದ್ದಾಗಿತ್ತೆಂಬುದು ನಿಜ. ಆದರೆ ಅವರಿಗೆ ಹಾಗೆ ಕೆಲಸ ಮಾಡಿ ಹಣ ಪಡೆದು ಹೋಗಲು ದಾರಿ ಮಾಡಿಕೊಟ್ಟದ್ದು ನಾನು ಸಹಿ ಹಾಕಿದ ಕರಾರು. ಮನೆ ದುರಸ್ತಿಗೆ ಕೈಹಾಕಲಿರುವವರು ನನ್ನಂತೆ ನಷ್ಟಕ್ಕೆ ಸಿಲುಕಬಾರದೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆ ಕರಾರು ಒಂದೇ ಪುಟದ್ದಾಗಿತ್ತು. ಒಟ್ಟು ಮೊತ್ತ, ಟೈಲ್ಸ್‌ನ ಬಣ್ಣ ಮತ್ತು ಅಳತೆ, ನಲ್ಲಿಗಳ ವಿವರ, ಕೆಲಸ ಮುಗಿಯುವ ದಿನಾಂಕ ಇವೆಲ್ಲ ಸ್ಪಷ್ಟವಾಗಿದ್ದವು. ಕೊನೆಗೆ ‘ವಾಟರ್‌ಪ್ರೂಫಿಂಗ್ ಸೇರಿದೆ’ ಎಂಬ ಎರಡು ಪದಗಳಿದ್ದವು. ಯಾವ ಲೇಪ, ಎಷ್ಟು ಪದರ, ಗೋಡೆಯ ಮೇಲೆ ಎಷ್ಟು ಎತ್ತರದವರೆಗೆ, ಪರೀಕ್ಷೆ ಯಾರ ಎದುರಿನಲ್ಲಿ ಎಂಬ ಒಂದು ಮಾತೂ ಇರಲಿಲ್ಲ. ಹಣದ ಕಂತುಗಳನ್ನು ದಿನಾಂಕಕ್ಕೆ ಕಟ್ಟಿಹಾಕಲಾಗಿತ್ತು: ಮುಂಗಡವಾಗಿ ಶೇ. 40, ಹತ್ತನೆಯ ದಿನ ಶೇ. 30, ಇಪ್ಪತ್ತನೆಯ ದಿನ ಶೇ. 20, ಉಳಿದದ್ದು ಕೊನೆಗೆ. ಕಣ್ಣಿಗೆ ಕಾಣುವ ವಸ್ತುಗಳ ಬಗ್ಗೆ ಇಷ್ಟೆಲ್ಲ ಬರೆಸಿ, ಮುಂದೆಂದೂ ಕಾಣದಂತೆ ಮುಚ್ಚಿಹೋಗುವ ಕೆಲಸವನ್ನು ಎರಡು ಪದಗಳಿಗೆ ಬಿಟ್ಟದ್ದು ಎಂಥ ಅವಿವೇಕವೆಂದು ಸಹಿ ಹಾಕುವಾಗ ನನಗೆ ಹೊಳೆಯಲಿಲ್ಲ.

ಹನ್ನೊಂದನೆಯ ದಿನ ಸಂಜೆ ನಾನು ಮನೆಗೆ ಬರುವಾಗ ನೆಲದ ಅರ್ಧ ಭಾಗಕ್ಕೆ ಟೈಲ್ಸ್ ಹಾಸಿ ಆಗಿತ್ತು. ವಾಟರ್‌ಪ್ರೂಫಿಂಗ್ ಯಾವಾಗ ಆಯಿತೆಂದು ಕೇಳಿದೆ. ಬೆಳಿಗ್ಗೆಯೇ ಎರಡು ಪದರ ಹೊಡೆದಿದ್ದೇವೆ, ಒಣಗಿದೆ ಎಂದರು. ಒಂದು ಪದರ ಒಣಗಿದ ಮೇಲೆ ಅದಕ್ಕೆ ಅಡ್ಡವಾಗಿ ಎರಡನೆಯದನ್ನು ಬಳಿಯಬೇಕು, ಅದೂ ಪೂರ್ತಿ ಗಟ್ಟಿಯಾಗಲು ತಯಾರಕರು ಹೇಳಿದಷ್ಟು ದಿನ ಕಾಯಬೇಕು, ಆಮೇಲೆ ನೀರು ನಿಲ್ಲಿಸಿ ನೋಡಬೇಕು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ಬೆಳಿಗ್ಗೆ ಬಳಿದು ಮಧ್ಯಾಹ್ನ ಟೈಲ್ಸ್ ಹಾಸಿದ್ದಾರೆಂದರೆ ಆ ಲೇಪವನ್ನು ಯಾರೂ ಪರೀಕ್ಷಿಸಿಲ್ಲವೆಂದೇ ಅರ್ಥ. ಹಿಂದಿನ ದಿನವಷ್ಟೇ ಎರಡನೆಯ ಕಂತನ್ನು ಕೊಟ್ಟಿದ್ದೆ. ಅಲ್ಲಿಗೆ ಶೇ. 70ರಷ್ಟು ಹಣ ನನ್ನ ಕೈಬಿಟ್ಟಿತ್ತು, ಅದರೊಂದಿಗೆ ಕೆಲಸ ನಿಲ್ಲಿಸಿ ಎಂದು ಹೇಳುವ ಧೈರ್ಯವೂ ಹೋಗಿತ್ತು.

ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲ ಎಂಬ ನಂಬಿಕೆ ನನ್ನಲ್ಲಿಯೂ ಇತ್ತು. ಟೈಲ್ಸ್‌ನ ಮೈ ನೀರು ಹೀರದಿರಬಹುದು, ಆದರೆ ಸಂದುಗಳಿಗೆ ತುಂಬುವ ಸಾಮಾನ್ಯ ಸಿಮೆಂಟ್ ಗ್ರೌಟ್ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಬಿಡುತ್ತದೆ. ಹಾಗೆ ಇಳಿದ ನೀರನ್ನು ತಡೆಯುವುದು ಕೆಳಗಿನ ಲೇಪವೊಂದೇ. ಅದೇ ಸರಿಯಿಲ್ಲದಿದ್ದರೆ ನೀರು ಗಾರೆಯೊಳಗೆ ಸೇರಿ ಇಳಿಜಾರು ಇದ್ದತ್ತ ಸಾಗಿ, ಬಿರುಕೋ ಕೊಳವೆಯ ಪಕ್ಕದ ಸಂದೋ ಸಿಕ್ಕಲ್ಲಿ ಕೆಳಗಿಳಿಯುತ್ತದೆ. ಆದ್ದರಿಂದ ಕಲೆ ಕಂಡ ಜಾಗದ ನೇರ ಮೇಲೆಯೇ ದೋಷವಿರಬೇಕೆಂದಿಲ್ಲ. ನಮ್ಮ ಮನೆಯಲ್ಲಿ ಎರಡರ ನಡುವೆ ಒಂದೂವರೆ ಮೀಟರ್ ಅಂತರವಿತ್ತು.

ಕಲೆ ಕಂಡೊಡನೆ ನಾನು ಮಾಡಿದ ಮೊದಲ ಕೆಲಸ ಚಾವಣಿಗೆ ಬಣ್ಣ ಬಳಿಸಿದ್ದು. ಎರಡೇ ತಿಂಗಳಲ್ಲಿ ಬಣ್ಣ ಉಬ್ಬಿ ಉದುರಿತು, ಸುತ್ತಲೂ ಬಿಳಿಯ ಪುಡಿ ಕಾಣಿಸಿತು. ಗಾರೆಯಲ್ಲಿರುವ ಲವಣಗಳು ನೀರಿನಲ್ಲಿ ಕರಗಿ ಮೇಲ್ಮೈಗೆ ಬಂದು, ನೀರು ಆರಿದ ಮೇಲೆ ಹೀಗೆ ಪುಡಿಯಾಗಿ ಉಳಿಯುತ್ತವೆ. ಬಿಳಿ ಪುಡಿ ಕಂಡಿತೆಂದರೆ ನೀರು ಒಳಗಿನಿಂದ ಬರುತ್ತಿದೆ ಎಂದು ತಿಳಿಯಬೇಕು, ಹೊರಗಿನಿಂದ ಎಷ್ಟು ಬಣ್ಣ ಬಳಿದರೂ ಅದು ನಿಲ್ಲುವುದಿಲ್ಲ. ತೇವ ಹಾಗೆಯೇ ಉಳಿದರೆ ಚಾವಣಿಯೊಳಗಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಚಾವಣಿಯ ಕಲೆಯನ್ನು ಅಂದಗೇಡಿನ ವಿಷಯವೆಂದು ಭಾವಿಸುವವರಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ.

ಇದೇ ಸಮಯದಲ್ಲಿ ಮನೆ ಕೊಳ್ಳಲು ಒಬ್ಬರು ಒಪ್ಪಿದ್ದರು. ಅವರು ಕರೆತಂದ ಎಂಜಿನಿಯರರು ತೇವಮಾಪಕದ ಎರಡು ಮೊನೆಗಳನ್ನು ಗೋಡೆಗೆ ಒತ್ತಿ, ಒಣ ಗೋಡೆಯ ಅಂಕಿಯನ್ನೂ ಸ್ನಾನಗೃಹದ ಪಕ್ಕದ ಗೋಡೆಯ ಅಂಕಿಯನ್ನೂ ಹೋಲಿಸಿ ತೋರಿಸಿದರು. ಆಮೇಲೆ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಟೈಲ್ಸ್ ಹಾಸುವ ಮೊದಲು ತೆಗೆದ ಫೋಟೋಗಳಿವೆಯೇ? ನನ್ನಲ್ಲಿದ್ದದ್ದು ಕೆಲಸ ಮುಗಿದ ದಿನದ ಹೊಳೆಯುವ ಫೋಟೋಗಳು ಮಾತ್ರ. ಕಲೆಯ ವಿಷಯವನ್ನು ನಾನಾಗಿಯೇ ಮೊದಲೇ ಹೇಳದೆ, ಅದರ ಮೇಲೆ ಬಣ್ಣ ಬಳಿಸಿದ್ದೂ ಅವರ ಗಮನಕ್ಕೆ ಬಂತು. ತೇವಕ್ಕಿಂತ ಆ ಬಣ್ಣವೇ ಅವರ ವಿಶ್ವಾಸವನ್ನು ಕೆಡಿಸಿತೆಂದು ನಾನು ತಿಳಿಯುತ್ತೇನೆ. ಮೂರು ದಿನಗಳ ನಂತರ ಅವರು ಹಿಂದೆ ಸರಿದರು, ಅವರನ್ನು ದೂರುವ ನೈತಿಕ ಹಕ್ಕು ನನಗಿಲ್ಲ.

ಗುತ್ತಿಗೆದಾರರನ್ನು ಕರೆಸಿದಾಗ, ಇದು ಹಳೆಯ ನೀರಿನ ಕೊಳವೆಯ ಸೋರಿಕೆ, ತಮ್ಮ ಕೆಲಸದ ದೋಷವಲ್ಲ ಎಂದರು. ಆ ಮಾತನ್ನು ಪರೀಕ್ಷಿಸುವುದು ಕಷ್ಟವಲ್ಲ. ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಟ್ಯಾಂಕಿಗೆ ನೀರು ತುಂಬದಂತೆ ನೋಡಿಕೊಂಡು, ಟ್ಯಾಂಕಿನೊಳಗಿನ ನೀರಿನ ಮಟ್ಟವನ್ನು ಗುರುತು ಹಾಕಿ ರಾತ್ರಿಯಿಡೀ ಬಿಡಬೇಕು. ನೇರ ಸರಬರಾಜಿದ್ದರೆ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡರಾಯಿತು. ಮಟ್ಟ ಇಳಿದರೆ ಅಥವಾ ಅಂಕಿ ಬದಲಾದರೆ ಸದಾ ನೀರು ತುಂಬಿರುವ ಕೊಳವೆಯಲ್ಲಿ ಸೋರಿಕೆಯಿದೆ. ಬದಲಾಗದೆ, ಸ್ನಾನ ಮಾಡಿದ ದಿನಗಳಲ್ಲಿ ಮಾತ್ರ ಕಲೆ ಹಬ್ಬುತ್ತಿದ್ದರೆ ನೆಲವನ್ನೋ ಹೊರಹೋಗುವ ಕೊಳವೆಯನ್ನೋ ಅನುಮಾನಿಸಬೇಕು. ನಮ್ಮ ಟ್ಯಾಂಕಿನ ಗುರುತು ಬೆಳಗಾದರೂ ಅಲ್ಲಿಯೇ ಇತ್ತು. ನೆಲ ಒಡೆಸಿದಾಗ ಉಳಿದದ್ದೆಲ್ಲ ಬಯಲಾಯಿತು. ಲೇಪ ನೆಲದ ನಡುವಿನಲ್ಲಷ್ಟೇ ಇತ್ತು. ಗೋಡೆಯ ಬುಡದಲ್ಲಿ ಕನಿಷ್ಠ 15 ಸೆಂ.ಮೀ., ಷವರಿನ ನೀರು ಬೀಳುವ ಗೋಡೆಯಲ್ಲಿ ಸುಮಾರು 1.8 ಮೀಟರ್ ಎತ್ತರದವರೆಗೆ ಏರಬೇಕಿದ್ದ ಲೇಪ ಎಲ್ಲಿಯೂ ಮೂಲೆ ದಾಟಿರಲಿಲ್ಲ. ನೀರು ಹೋಗುವ ಜಾಲರಿಯ ಸುತ್ತ ಬರಿಯ ಗಾರೆಯಿತ್ತು. ಇಷ್ಟು ಕಂಡರೂ ಕರಾರಿನಲ್ಲಿದ್ದ ಎರಡು ಪದಗಳನ್ನು ಹಿಡಿದು ಏನನ್ನೂ ಸಾಧಿಸಲಾಗಲಿಲ್ಲ. ವಾಟರ್‌ಪ್ರೂಫಿಂಗ್ ಮಾಡಿದ್ದೇವಲ್ಲ ಎಂಬ ಅವರ ವಾದಕ್ಕೆ ಉತ್ತರವಾಗಬಲ್ಲ ಒಂದು ಸಾಲೂ ಆ ಪುಟದಲ್ಲಿರಲಿಲ್ಲ.

ಉಳಿತಾಯವೆಲ್ಲ ಮೊದಲ ಸಲಕ್ಕೇ ಮುಗಿದಿದ್ದರಿಂದ, ಇದ್ದ ಗೃಹಸಾಲದ ಮೇಲೆಯೇ ಹೆಚ್ಚುವರಿ ಸಾಲ ಪಡೆದೆ. ತಿಂಗಳ ಕಂತು ಚಿಕ್ಕದಾಗಿ ಕಂಡದ್ದರಿಂದ 20 ವರ್ಷಗಳ ಅವಧಿಗೆ ಒಪ್ಪಿದ್ದು ನನ್ನ ಮತ್ತೊಂದು ತಪ್ಪು. ಶೇ. 9ರ ಬಡ್ಡಿಯಲ್ಲಿ 100ರ ಸಾಲಕ್ಕೆ 20 ವರ್ಷಗಳಲ್ಲಿ ಕಟ್ಟುವುದು ಸುಮಾರು 216. ಮೊದಲ ತಿಂಗಳ ಕಂತಿನಲ್ಲಿ ಶೇ. 83ರಷ್ಟು ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದು ಅತಿ ನಿಧಾನ. ಬಡ್ಡಿದರ ಬದಲಾಗುವ ಸಾಲವಾದರೆ ದರ ಏರಿದಾಗ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಹಿಗ್ಗಿಸುವುದುಂಟು. ಆರಂಭದಲ್ಲಿಯೇ ದರ ಶೇ. 9ರಿಂದ 10ಕ್ಕೆ ಏರಿ ಕಂತು ಬದಲಾಗದಿದ್ದರೆ, 240 ತಿಂಗಳ ಸಾಲ ಸುಮಾರು 314 ತಿಂಗಳಾಗುತ್ತದೆ. ಆರು ವರ್ಷಕ್ಕೂ ಹೆಚ್ಚು ಕಾಲ ಕಟ್ಟಬೇಕಾದ ಆ ಕಂತುಗಳು ತಿಂಗಳ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಸ್ನಾನಗೃಹವನ್ನು ಮುಂದೊಮ್ಮೆ ಮತ್ತೆ ಮಾಡಿಸುವ ಹೊತ್ತಿಗೂ ಈ ನೆಲದ ಸಾಲ ತೀರಿರುವುದಿಲ್ಲವೆಂದು ಲೆಕ್ಕ ಹಾಕಿದ ದಿನ ನನಗೆ ನಿದ್ದೆ ಬರಲಿಲ್ಲ. ದಂಡವಿಲ್ಲದೆ ಮುಂಚಿತವಾಗಿ ಕಟ್ಟಲು ಅವಕಾಶವಿದೆಯೇ, ದರ ಏರಿದಾಗ ಕಂತು ಏರುವುದೇ ಅಥವಾ ಅವಧಿ ಏರುವುದೇ ಎಂಬುದನ್ನು ಸಹಿಗೆ ಮೊದಲು ಬರಹದಲ್ಲಿ ಕೇಳಿ ಪಡೆಯಿರಿ. ಮನೆ ಮಾರುವ ಯೋಚನೆಯಿರುವವರು, ಅಡಮಾನ ತೀರಿಸಿ ಪತ್ರಗಳನ್ನು ಬಿಡಿಸಿಕೊಳ್ಳಲು ಎಷ್ಟು ದಿನ ಹಿಡಿಯುತ್ತದೆಂಬುದನ್ನೂ ಕೇಳಬೇಕು.

ಎರಡನೆಯ ಕರಾರಿನಲ್ಲಿ ದಿನಾಂಕಕ್ಕೆ ಕಟ್ಟಿದ ಕಂತು ಒಂದೂ ಇರಲಿಲ್ಲ. ಮುಂಗಡ ಸಾಮಗ್ರಿಗೆ ಬೇಕಾದಷ್ಟೇ. ಗೋಡೆಯೊಳಗಿನ ಕೊಳವೆಗಳಿಗೆ ಒತ್ತಡ ಕೊಟ್ಟು ಪರೀಕ್ಷಿಸಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆದ ಮೇಲೆ ಒಂದು ಕಂತು, ನೀರು ನಿಲ್ಲಿಸುವ ಪರೀಕ್ಷೆಯಲ್ಲಿ ನೆಲ ತೇರ್ಗಡೆಯಾದ ಮೇಲೆ ಇನ್ನೊಂದು. ಶೇ. 15ರಷ್ಟನ್ನು ಕೆಲಸ ಮುಗಿದು ಮೂರು ತಿಂಗಳವರೆಗೆ ಉಳಿಸಿಕೊಳ್ಳಲು ಒಪ್ಪಿಗೆಯಾಗಿತ್ತು. ಇದನ್ನು ಕೇಳಿ ಇಬ್ಬರು ಗುತ್ತಿಗೆದಾರರು ಕೆಲಸ ಬೇಡವೆಂದು ಹೋದರು. ಮೂರನೆಯವರು ಕರಾರನ್ನು ಪೂರ್ತಿ ಓದಿ, ಲೇಪ ಗಟ್ಟಿಯಾಗಲು ನಾಲ್ಕು ದಿನ ಹೆಚ್ಚು ಬೇಕೆಂದು ತಾವೇ ಕೈಯಿಂದ ಬರೆದು ಸೇರಿಸಿದರು.

ಪರೀಕ್ಷೆಯ ದಿನ ಜಾಲರಿಯನ್ನು ಬಿಗಿಯಾಗಿ ಮುಚ್ಚಿ, ಬಾಗಿಲಿಗೆ ಅಡ್ಡಲಾಗಿ ಒಂದು ಸಾಲು ಇಟ್ಟಿಗೆ ಕಟ್ಟಿ ಅದಕ್ಕೂ ಲೇಪ ಬಳಿದು, 5 ಸೆಂ.ಮೀ. ನೀರು ನಿಲ್ಲಿಸಿದೆವು. ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಆವಿಯಾಗಿ ಹೋಗುವ ನೀರಿನ ಲೆಕ್ಕ ಸಿಗಲೆಂದು ಪಕ್ಕದಲ್ಲಿಯೇ ಒಂದು ಬಕೆಟ್ ನೀರನ್ನು ಗುರುತು ಹಾಕಿ ಇಟ್ಟೆವು. 24 ಗಂಟೆಗಳ ನಂತರ ಬಕೆಟ್ಟಿನ ನೀರು ಇಳಿದದ್ದು ಕಂಡೂ ಕಾಣದಷ್ಟು, ನೆಲದ ನೀರು ಮಾತ್ರ ಗೆರೆಗಿಂತ ಒಂದು ಬೆರಳಷ್ಟು ಕೆಳಗಿತ್ತು. ಕೆಳಗಿನ ಕೋಣೆಗೆ ಹೋಗಿ ದೀಪ ಹಿಡಿದು ನೋಡಿದರೆ ಹೊರಹೋಗುವ ಕೊಳವೆಯ ಸುತ್ತ ಹನಿಗಳು ಸಾಲಾಗಿ ನಿಂತಿದ್ದವು. ಗುತ್ತಿಗೆದಾರರು ನೀರು ಖಾಲಿ ಮಾಡಿಸಿ, ಕೊಳವೆಯ ಕೊರಳಿನ ಸುತ್ತಲಿನ ಗಾರೆಯನ್ನು ಕೆತ್ತಿ ತೆಗೆದು, ಅಲ್ಲಿಗೆ ಬಟ್ಟೆಯ ಪಟ್ಟಿ ಕೂರಿಸಿ ಹೊಸದಾಗಿ ಲೇಪ ಹಚ್ಚಿದರು. ಕೆಲಸಕ್ಕೆ ಹಿಡಿದದ್ದು ಅರ್ಧ ದಿನ, ಗಟ್ಟಿಯಾಗಲು ಮತ್ತೆ ನಾಲ್ಕು ದಿನ. ಎರಡನೆಯ ಸಲ ನೀರು ನಿಲ್ಲಿಸಿ 48 ಗಂಟೆ ಬಿಟ್ಟೆವು. ಕೆಳಗಿನ ಚಾವಣಿ ಒಣಗಿಯೇ ಇತ್ತು. ಗೆರೆ, ಬಕೆಟ್, ಚಾವಣಿ ಮೂರರ ಫೋಟೋವನ್ನೂ ತೆಗೆದು, ಅದರ ಕೆಳಗೆ ಇಬ್ಬರೂ ದಿನಾಂಕ ಬರೆದು ಸಹಿ ಹಾಕಿದ ಬಳಿಕವೇ ಟೈಲ್ಸ್‌ನ ಪೆಟ್ಟಿಗೆಗಳನ್ನು ಮೇಲಕ್ಕೆ ಒಯ್ಯಲು ಹೇಳಿದೆ.